ಬೆಳ್ಳುಳ್ಳಿ–ಸೊಪ್ಪಿನ ಕೆನೆ ಡಿಪ್: ನಾನು ಮಾಡುವ ಬಗೆ

ಈ ಡಿಪ್‌ನಲ್ಲಿ ನನಗೆ ಬೇಕಾದದ್ದು ಬೆಳ್ಳುಳ್ಳಿಯ ಘಮ. ಗಂಟಲು ಕೆರೆಯುವ ಹಸಿ ಖಾರ ಬೇಡ. ಹಾಗಾಗಿ ಮೊಸರಿಗೆ ಕೈ ಹಾಕುವ ಮೊದಲೇ ಬೆಳ್ಳುಳ್ಳಿಯ ಕೆಲಸ ಮುಗಿಸಿಕೊಳ್ಳುತ್ತೇನೆ.

ಇಡೀ ಎಸಳಿನಲ್ಲಿ ಆ ಖಾರ ಇರುವುದೇ ಇಲ್ಲ. ಜಜ್ಜಿದಾಗ, ತುರಿದಾಗ ಜೀವಕೋಶಗಳು ಒಡೆದು ಆಲಿನೇಸ್ ಎಂಬ ಕಿಣ್ವ ಹೊರಬರುತ್ತದೆ, ಅದರಿಂದ ಕ್ಷಣಗಳಲ್ಲೇ ಆಲಿಸಿನ್ ಹುಟ್ಟುತ್ತದೆ. ನಾಲಿಗೆ ಚುರುಗುಟ್ಟುವುದು ಇದರಿಂದಲೇ. ಗಟ್ಟಿ ಹುಳಿ ತಗುಲಿದರೆ ಆ ಕಿಣ್ವ ಮಂಕಾಗುತ್ತದೆ. ಅದಕ್ಕೇ ಬಟ್ಟಲಲ್ಲಿ ಮೊದಲು ಒಂದು ದೊಡ್ಡ ಚಮಚ ನಿಂಬೆರಸ, ಅರ್ಧ ಟೀ ಚಮಚ ಉಪ್ಪು ಹಾಕಿ, ಎರಡು ಎಸಳನ್ನು ನೇರವಾಗಿ ಅದರೊಳಕ್ಕೇ ತುರಿಯುತ್ತೇನೆ. ತುರಿದಿಟ್ಟು ಆಮೇಲೆ ರಸ ಹಿಂಡಿದರೆ ಅಷ್ಟರಲ್ಲಿ ಖಾರ ಹುಟ್ಟಿಯಾಗಿರುತ್ತದೆ. ಹತ್ತು ನಿಮಿಷ ಹಾಗೇ ಬಿಡಬೇಕು. ಕೆಲವೊಮ್ಮೆ ತುರಿ ಹಸಿರು ಅಥವಾ ನೀಲಿ ಬಣ್ಣಕ್ಕೆ ತಿರುಗುವುದುಂಟು. ಅದು ಹುಳಿಯಲ್ಲಿ ಬೆಳ್ಳುಳ್ಳಿಯ ಗಂಧಕದ ಅಂಶಗಳು ಮಾಡುವ ಆಟ, ತಿನ್ನಲು ಏನೂ ತೊಂದರೆಯಿಲ್ಲ.

ಇನ್ನು ಮೊಸರು. ಎರಡು ಕಪ್ ಕೆನೆಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಫ್ರಿಜ್‌ನಲ್ಲಿ ನಾಲ್ಕೈದು ಗಂಟೆ ಬಿಟ್ಟರೆ ಹೆಚ್ಚುಕಡಿಮೆ ಒಂದು ಕಪ್ ಗಟ್ಟಿ ಮೊಸರು ಉಳಿಯುತ್ತದೆ. ಹೊರಗಿಟ್ಟು ಸೋಸಿದರೆ ಹುಳಿ ಏರುತ್ತದೆ, ನಿಂಬೆ ಬೇರೆ ಇದೆಯಲ್ಲ! ಬರೀ ಮೊಸರಿನ ಡಿಪ್ ನನಗೆ ಒಣಗಲು ಅನ್ನಿಸುತ್ತದೆ. ಕಾಲು ಕಪ್ ಮೇಯನೇಸ್ ಸೇರಿಸಿದರೆ ಅದರ ಜಿಡ್ಡು ಹುಳಿಯನ್ನು ತಗ್ಗಿಸಿ, ಬೆಳ್ಳುಳ್ಳಿಯ ಪರಿಮಳವನ್ನು ಬಾಯಲ್ಲಿ ತುಸು ಹೊತ್ತು ಉಳಿಸುತ್ತದೆ. ಮೊಟ್ಟೆ ತಿನ್ನದವರು ಬಂದರೆ ಮೇಯನೇಸ್ ಬದಲು ಅಷ್ಟೇ ಅಳತೆಯ ಗಟ್ಟಿ ಕ್ರೀಮ್ ಹಾಕುತ್ತೇನೆ.

ಸೊಪ್ಪಿಗೆ ನೀರೇ ಶತ್ರು. ತೊಳೆದು, ಬಟ್ಟೆಯ ಮೇಲೆ ಹರಡಿ, ಎಲೆ ಮುಟ್ಟಿದರೆ ಬೆರಳು ಒದ್ದೆಯಾಗದಷ್ಟು ಒಣಗಿದ ಮೇಲೇ ಹೆಚ್ಚುತ್ತೇನೆ, ಅದೂ ಹರಿತವಾದ ಚಾಕುವಿನಲ್ಲಿ. ಮಿಕ್ಸಿಗೆ ಹಾಕಿದರೆ ಎಲೆಯ ರಸ ಬಿಟ್ಟು ಡಿಪ್ ಹಸಿರು ಚಟ್ನಿಯಂತಾಗುತ್ತದೆ, ಜೊತೆಗೆ ಸೋಸಿದ ಮೊಸರೂ ಆ ಹೊಡೆತಕ್ಕೆ ಸಡಿಲವಾಗುತ್ತದೆ. ನನ್ನ ಆಯ್ಕೆ ಪಾರ್ಸ್ಲಿ ಮತ್ತು ಸಬ್ಬಸಿಗೆ, ಹೆಚ್ಚಿದ್ದು ಒಟ್ಟು ಮೂರು ದೊಡ್ಡ ಚಮಚ. ಪುದೀನ ಹಾಕುವುದಾದರೆ ನಾಲ್ಕೇ ಎಲೆ; ಅದಕ್ಕಿಂತ ಹೆಚ್ಚಾದರೆ ಬೇರೆ ಯಾವ ಸೊಪ್ಪಿನ ಮಾತೂ ಕೇಳಿಸುವುದಿಲ್ಲ. ಒಣ ಸೊಪ್ಪಾದರೆ ಮೂರನೇ ಒಂದು ಪಾಲು ಸಾಕು, ಆದರೆ ಅದನ್ನು ಬೆಳ್ಳುಳ್ಳಿಯ ಜೊತೆಗೇ ನಿಂಬೆರಸದಲ್ಲಿ ನೆನೆಸಿಡಿ.

ಎಲ್ಲವನ್ನೂ ಚಮಚದಲ್ಲಿ ಮೆಲ್ಲಗೆ ಮಗುಚಿ, ಸ್ವಲ್ಪ ಕರಿಮೆಣಸು ಕುಟ್ಟಿ ಹಾಕಿ, ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡುತ್ತೇನೆ. ಕಲಸಿದ ಕೂಡಲೇ ರುಚಿ ನೋಡಿ ಉಪ್ಪು ಸರಿಮಾಡಬೇಡಿ. ತಣ್ಣಗಾದಾಗ ಅದೇ ಉಪ್ಪು ಸಪ್ಪೆ ಎನಿಸುತ್ತದೆ, ಹಾಗಾಗಿ ಕೊನೆಯ ಚಿಟಿಕೆ ಬಡಿಸುವ ಮುನ್ನ. ತೀರಾ ಗಟ್ಟಿಯಾಗಿದ್ದರೆ ಒಂದು ಚಮಚ ಹಾಲು.

ಫ್ರಿಜ್‌ನಲ್ಲಿ ಮೂರು ದಿನ ಇಡುತ್ತೇನೆ. ಎರಡನೆಯ ದಿನಕ್ಕೆ ಬೆಳ್ಳುಳ್ಳಿ ಜೋರಾಗುತ್ತದೆ, ಸೊಪ್ಪು ಮಂಕಾಗುತ್ತದೆ. ಆಗ ಹೊಸದಾಗಿ ಹೆಚ್ಚಿದ ಸೊಪ್ಪನ್ನು ಮೇಲೆ ಉದುರಿಸಿದರಾಯಿತು. ಸಮಯ ಉಳಿಸಲೆಂದು ಜಜ್ಜಿದ ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಕಟ್ಟೆಯ ಮೇಲೆ ಇಡುವವರಿದ್ದಾರೆ. ಅದು ಮಾತ್ರ ಬೇಡ. ಗಾಳಿಯಾಡದ ಎಣ್ಣೆಯಲ್ಲಿ ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಸನೆಯಿಂದ ಅದು ಗೊತ್ತಾಗುವುದೂ ಇಲ್ಲ. ಎರಡು ಎಸಳು ಸುಲಿಯಲು ಎಷ್ಟು ಹೊತ್ತು ಬೇಕು?