ಇಪ್ಪತ್ತೈದರ ಗುಪ್ಪೆ: ಜಗಲಿಯಲ್ಲಿ ಮಲ್ಲಿಗೆ ಕಟ್ಟಿಸಿದ ನನ್ನ ಅನುಭವ

ವೃದ್ಧಾಶ್ರಮದ ಹಿರಿಯರ ಕೈಯಲ್ಲಿ ಮಲ್ಲಿಗೆ ಕಟ್ಟಿಸುತ್ತೇನೆ ಎಂದು ನಾನು ಆಡಳಿತ ಮಂಡಳಿಯ ಸಭೆಯಲ್ಲಿ ಹೇಳಿದಾಗ ಒಬ್ಬರು ನಕ್ಕರು, ಇನ್ನೊಬ್ಬರು ಮುದುಕರಿಂದ ಕೂಲಿ ಮಾಡಿಸಿದರೆಂದು ದೂರು ಬಂದೀತು ಎಂದರು. ನಕ್ಕವರು ಕಳೆದ ಎಪ್ರಿಲಿನಲ್ಲಿ ತಮ್ಮ ಮಗಳ ಮದುವೆಗೆ ನಮ್ಮ ಜಗಲಿಯಿಂದಲೇ ಎರಡು ಅಟ್ಟೆ, ಅಂದರೆ ಆರು ಸಾವಿರಕ್ಕೂ ಹೆಚ್ಚು, ಹೂವು ಒಯ್ದರು, ದುಡ್ಡು ಕೊಟ್ಟೇ ಒಯ್ದರು. ಇದನ್ನು ಓದುವವರಲ್ಲಿ ಹೆಚ್ಚಿನವರು ನನ್ನಂತೆ ಆರೈಕೆಯ ಕೆಲಸದಲ್ಲಿ ಇರುವವರೇ ಆದ್ದರಿಂದ ಹಿರಿಯರಿಗೆ ಚಟುವಟಿಕೆ ಏಕೆ ಬೇಕು ಎಂಬುದನ್ನೆಲ್ಲ ಬಿಟ್ಟು, ನಾನು ಎಲ್ಲಿ ಸೋತೆ, ಎಷ್ಟು ಕಳೆದೆ ಎಂಬಲ್ಲಿಂದ ಆರಂಭಿಸುತ್ತೇನೆ.

ನಮ್ಮದು ಉಡುಪಿ ಜಿಲ್ಲೆಯ ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ದಾರಿಯ ಒಳಭಾಗದಲ್ಲಿರುವ ಸಣ್ಣ ಆಶ್ರಮ. ಇಪ್ಪತ್ತಾರು ಮಂದಿ ಇದ್ದಾರೆ, ಅವರಲ್ಲಿ ಒಂಬತ್ತು ಮಂದಿಗೆ ಮರೆವಿನ ಕಾಯಿಲೆ. ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವವರೇ ಹೆಚ್ಚು. ನಾನು ಇಲ್ಲಿಗೆ ಬಂದ ಮೊದಲ ಮೂರು ವರ್ಷಗಳಲ್ಲಿ ‘ಚಟುವಟಿಕೆ’ಯ ಹೆಸರಿನಲ್ಲಿ ಖರ್ಚಾದದ್ದು ಸುಮಾರು ಎರಡು ಲಕ್ಷ ರೂಪಾಯಿ. ಅದರಲ್ಲಿ ಎಂಬತ್ತೈದು ಸಾವಿರ ಬಣ್ಣಬಣ್ಣದ ದೀಪಗಳ ಒಂದು ಕೋಣೆಗೆ ಹೋಯಿತು. ಈಗ ಅಲ್ಲಿ ಗಾಲಿಕುರ್ಚಿಗಳನ್ನೂ ಕಮೋಡುಗಳನ್ನೂ ಇಡುತ್ತೇವೆ. ಬಣ್ಣ ತುಂಬುವ ಪುಸ್ತಕಗಳನ್ನು ತರಿಸಿದಾಗ, ನಿವೃತ್ತ ಮುಖ್ಯೋಪಾಧ್ಯಾಯರಾದ ನಮ್ಮ ಮಾಷ್ಟ್ರು ಒಂದನ್ನು ತೆರೆದು ನೋಡಿ, ಮಡಚಿ, ನನ್ನ ಕೈಗೇ ಹಿಂದಿರುಗಿಸಿದರು. “ಇದನ್ನು ನಾನು ಒಂದನೇ ಕ್ಲಾಸಿನ ಮಕ್ಕಳಿಗೆ ಕೊಡ್ತಿದ್ದೆ ಅಮ್ಮ,” ಎಂದು ಅವರು ಸಿಟ್ಟಿಲ್ಲದೆ ಹೇಳಿದ್ದು ನನಗೆ ಇಂದಿಗೂ ಚುಚ್ಚುತ್ತದೆ.

ಆದರೆ ಕಣ್ಣು ತೆರೆಸಿದ್ದು ಬೀಡಿ ಅಜ್ಜಿಯ ವಿಚಾರದಲ್ಲಿ ನಾನು ಕಂಡ ಸೋಲು. ಐವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಆ ಅಜ್ಜಿಗೆ ಇಂದು ಯಾವ ವಾರವೆಂದು ತಿಳಿಯುವುದಿಲ್ಲ, ಆದರೆ ಬೆರಳುಗಳು ಮಾತ್ರ ದಿನವಿಡೀ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದವು. ನಾನು ಬಹಳ ಜಾಣತನ ಮಾಡಿದೆನೆಂದುಕೊಂಡು ಬೀಡಿ ಎಲೆ, ನೂಲು, ಗೆರಸೆ ಎಲ್ಲವನ್ನೂ ತಂದು ಮಡಿಲಲ್ಲಿ ಇಟ್ಟೆ. ಹೊಗೆಸೊಪ್ಪನ್ನು ಮಾತ್ರ ಕೊಡಲಿಲ್ಲ. ಅಜ್ಜಿ ಐದಾರು ಬೀಡಿ ಸುತ್ತಿದವರು ನಿಲ್ಲಿಸಿ, “ಸೊಪ್ಪಿಲ್ಲದ ಬೀಡಿಯನ್ನು ಯಾರು ತಗೊಳ್ತಾರೆ?” ಎಂದು ಗೆರಸೆಯನ್ನು ಪಕ್ಕಕ್ಕೆ ಸರಿಸಿಬಿಟ್ಟರು. ಮರೆವಿದ್ದವರಿಗೂ ಸುಳ್ಳು ಕೆಲಸ ಯಾವುದು, ನಿಜವಾದ ಕೆಲಸ ಯಾವುದು ಎಂಬುದು ಗೊತ್ತಾಗುತ್ತದೆ ಎಂಬುದು ನನಗೆ ಹೊಳೆದದ್ದು ಆ ದಿನ. ಯಾರಿಗೂ ಬೇಡದ ವಸ್ತುವನ್ನು ಮಾಡಿಸಿ ಚಪ್ಪಾಳೆ ತಟ್ಟುವುದನ್ನು ಅಲ್ಲಿಗೇ ಬಿಟ್ಟೆ.

ನಿಜವಾದ ಕೆಲಸ ನಮ್ಮ ಬೇಲಿಯಾಚೆಗೇ ಇತ್ತು. ಶಂಕರಪುರದ ಸುತ್ತ ಮಲ್ಲಿಗೆ ಬೆಳೆಯುವವರಿಗೆ ಹೂವು ಕಟ್ಟುವ ಕೈ ಸಿಗುವುದಿಲ್ಲ. ಬೆಳಗ್ಗೆ ಕೊಯ್ದ ಮೊಗ್ಗನ್ನು ಬಾಳೆಯ ನಾರಿನಲ್ಲಿ ಕಟ್ಟಿ ಹೊತ್ತಿಗೆ ಸರಿಯಾಗಿ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸದಿದ್ದರೆ ಆ ದಿನದ ದರ ಎಷ್ಟಿದ್ದರೂ ಫಲವಿಲ್ಲ. ನೆರೆಯ ಬೆಳೆಗಾರರೊಬ್ಬರನ್ನು ನಾಲ್ಕು ಸಲ ಕಂಡು ಮಾತಾಡಿ, ದಿನಕ್ಕೆ ಎರಡು ಚೆಂಡು, ಅಂದರೆ ಸಾವಿರದ ಆರುನೂರು, ಹೂವನ್ನು ನಮಗೆ ಕೊಡುವಂತೆ ಒಪ್ಪಿಸಿದೆ. ಮೊದಲ ಹದಿನೈದು ದಿನ ಮಾನ ಹೋಯಿತು. ಗಂಟು ಸಡಿಲವಾಯಿತು, ಬೆರಳೊತ್ತಿ ಮೊಗ್ಗು ಕಂದಿತು, ಫ್ಯಾನಿನ ಗಾಳಿಗೆ ಬಾಡಿತು. ನಷ್ಟವೆಂದು ಸುಮಾರು ನಾಲ್ಕು ಸಾವಿರ ರೂಪಾಯಿಯನ್ನು ನನ್ನ ಸಂಬಳದಿಂದಲೇ ತೆತ್ತೆ, ಏಕೆಂದರೆ ಮಂಡಳಿಯ ಮುಂದೆ ಆ ಲೆಕ್ಕ ಇಡುವ ಧೈರ್ಯ ನನಗಿರಲಿಲ್ಲ.

ಸರಿಹೋದದ್ದು ಕೆಲಸವನ್ನು ಒಡೆದು ಹಂಚಿದ ಮೇಲೆ. ಒಂದು ಚೆಂಡಿಗೆ ಎಂಟುನೂರು ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದು ಇಲ್ಲಿ ಎಲ್ಲರಿಗೂ ತಿಳಿದ ಲೆಕ್ಕ. ಎಂಟುನೂರನ್ನು ಎಣಿಸುವಷ್ಟರಲ್ಲಿ ನಮ್ಮವರಿಗೆ ನಡುವೆ ತಪ್ಪಿಹೋಗುತ್ತಿತ್ತು. ಒಂದು ಬೆಳಗ್ಗೆ ಬೀಡಿ ಅಜ್ಜಿ ಯಾರೂ ಹೇಳದೆಯೇ ಮೊಗ್ಗುಗಳನ್ನು ಗುಪ್ಪೆ ಹಾಕತೊಡಗಿದ್ದರು. ಎಣಿಸಿ ನೋಡಿದರೆ ಪ್ರತಿ ಗುಪ್ಪೆಯಲ್ಲಿಯೂ ಇಪ್ಪತ್ತೈದು. ಬೀಡಿಯ ಕಟ್ಟೂ ಇಪ್ಪತ್ತೈದರದ್ದೇ ತಾನೆ! ಬಾಯಿ ಎಣಿಸುತ್ತಿರಲಿಲ್ಲ, ಕೈ ಎಣಿಸುತ್ತಿತ್ತು. ಮೂವತ್ತೆರಡು ಗುಪ್ಪೆಯಾದರೆ ಒಂದು ಚೆಂಡು. ಅಂದಿನಿಂದ ಅಜ್ಜಿ ಗುಪ್ಪೆ ಹಾಕುತ್ತಾರೆ, ಮಾಷ್ಟ್ರು ಗುಪ್ಪೆಗೊಂದು ಗೀಟೆಳೆದು ಪುಸ್ತಕದಲ್ಲಿ ಬರೆಯುತ್ತಾರೆ, ಒಬ್ಬರು ಹೂವು ಜೋಡಿಸಿ ಕೊಡುತ್ತಾರೆ, ಬೆರಳಿನಲ್ಲಿ ಶಕ್ತಿ ಇರುವವರು ಗಂಟು ಹಾಕುತ್ತಾರೆ. ಸಂಧಿವಾತದ ಬೆರಳಿಗೂ ಒಗ್ಗುವಷ್ಟು ನಾರನ್ನು ಮೆದು ಮಾಡುವುದಕ್ಕೆ ನೆನೆಹಾಕುವ ನೀರಿಗೆ ನಾನೊಂದನ್ನು ಬೆರೆಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಯಾವುದಕ್ಕೂ ಕೋಣೆಯಿಂದ ಹೊರಗೆ ಬಾರದಿದ್ದ ಮಾಷ್ಟ್ರನ್ನು ಲೆಕ್ಕದ ಪುಸ್ತಕದ ಮುಂದೆ ಕುಳ್ಳಿರಿಸಿದ್ದು ಹೇಗೆ ಎಂಬುದನ್ನೂ ಹೇಳುವುದಿಲ್ಲ, ಅವರು ಇದನ್ನು ಓದುವ ಸಂಭವವಿದೆ.

ಹೂವಿನಷ್ಟೇ ಮುಖ್ಯವಾದದ್ದು ಕುಳಿತುಕೊಳ್ಳುವ ಸ್ಥಳ. ನಮ್ಮ ಹಾಲ್ ಎಲ್ಲ ಆಶ್ರಮಗಳ ಹಾಲಿನಂತೆಯೇ ಇತ್ತು: ಗೋಡೆಗೆ ಒತ್ತಿ ಇಟ್ಟ ಕುರ್ಚಿಗಳು, ಎತ್ತರದಲ್ಲಿ ಟಿವಿ, ಹೊಳೆಯುವ ಬಿಳಿ ಟೈಲ್ಸ್. ಆ ಹೊಳಪನ್ನು ನೀರೆಂದು ತಿಳಿದು ಕೆಲವರು ಸೀರೆಯನ್ನು ಎತ್ತಿ ಹಿಡಿದು ನಡೆಯುತ್ತಿದ್ದರು. ಬಾಗಿಲಿಗೆ ಹಾಕಿದ್ದ ಕಪ್ಪು ಗ್ರಾನೈಟ್ ಪಟ್ಟಿಯ ಮುಂದೆ ಇಬ್ಬರು ಹೊಂಡದ ಅಂಚಿನಲ್ಲಿ ನಿಂತವರಂತೆ ನಿಂತುಬಿಡುತ್ತಿದ್ದರು. ಎದುರಿಗೆ ಹೊಸದಾಗಿ ಜಗಲಿ ಕಟ್ಟಿಸುವುದಕ್ಕೆ ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ ತಗಲಿತು. ನೆಲಕ್ಕೆ ಹೊಳಪಿಲ್ಲದ ಕಾವಿ, ಹೊಸ್ತಿಲಿಗೂ ಅದೇ ಬಣ್ಣ, ಕೂರುವ ಕಟ್ಟೆಯ ಎತ್ತರ ಹದಿನೇಳು ಅಂಗುಲ, ಏಳುವಾಗ ಹಿಡಿದುಕೊಳ್ಳುವುದಕ್ಕೆ ಕೈಗೆಟಕುವಂತೆ ಮರದ ಕಂಬಗಳು. ಕಟ್ಟೆಯನ್ನು ಮೊದಲು ಹದಿಮೂರು ಅಂಗುಲಕ್ಕೆ ಕಟ್ಟಿಸಿ, ಕುಳಿತವರನ್ನು ಎಬ್ಬಿಸಲು ಇಬ್ಬರು ಬೇಕಾದಾಗ ಒಡೆಸಿ ಮತ್ತೆ ಕಟ್ಟಿಸಿದ್ದೂ ಆ ಲೆಕ್ಕದಲ್ಲಿದೆ. ಮಂಡಳಿಯವರು ಜಗಲಿಯನ್ನು ಹಿಂದಿನ ಹೂದೋಟಕ್ಕೆ ಮುಖ ಮಾಡಿ ಕಟ್ಟಿಸಬೇಕೆಂದಿದ್ದರು. ನಾನು ಹಟ ಹಿಡಿದು ರಸ್ತೆಗೆ ಮುಖ ಮಾಡಿಸಿದೆ. ಹೂದೋಟವನ್ನು ಎಷ್ಟು ಹೊತ್ತು ನೋಡಬಹುದು? ರಸ್ತೆಯಲ್ಲಾದರೆ ಅಂಚೆಯವನು ಬರುತ್ತಾನೆ, ಶಾಲೆಯ ಮಕ್ಕಳು ಹೋಗುತ್ತಾರೆ, ಮೀನಿನವನ ಹಾರ್ನ್ ಕೇಳಿಸುತ್ತದೆ. ಮೀನು ತಿನ್ನದವರೂ ಇಂದು ಬಂಗುಡೆಗೆ ಎಷ್ಟು ಎಂದು ಕೇಳುತ್ತಾರೆ.

ಜಗಲಿಯ ಮಾಡಿಗೆ (ಚಾವಣಿಗೆ) ಶೀಟು ಹಾಕಿದ್ದರೆ ಅಗ್ಗವಾಗುತ್ತಿತ್ತು, ಆದರೆ ಮಳೆಗಾಲದಲ್ಲಿ ಶೀಟಿನ ಕೆಳಗೆ ಕಿವಿ ಮಂದವಾದವರಿಗೆ ಒಂದು ಮಾತೂ ಕೇಳಿಸುವುದಿಲ್ಲ. ಆದ್ದರಿಂದ ಕೆಡವಿದ ಮನೆಯೊಂದರ ಹಳೆಯ ಹಂಚನ್ನು ಕೊಂಡೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದಲ್ಲಿ ದುಡಿದ ಕೊನೆಯ ತಲೆಮಾರಿನವರು ಈಗ ನಮ್ಮಂಥ ಆಶ್ರಮಗಳಲ್ಲಿ ಇದ್ದಾರೆ. ನಮ್ಮಲ್ಲಿದ್ದ ಹಂಚಿನ ಕಾರ್ಖಾನೆಯ ಅಜ್ಜರೊಬ್ಬರು ಲಾರಿಯಿಂದ ಇಳಿದ ಒಂದೊಂದೇ ಹಂಚಿನ ಮೇಲೆ ಅಚ್ಚೊತ್ತಿದ ಹೆಸರನ್ನು ಬೆರಳಿನಿಂದ ಸವರಿ ಓದಿ, ಗೆಣ್ಣಿನಿಂದ ತಟ್ಟಿ, ಸದ್ದಿನಲ್ಲೇ ಬಿರುಕು ಗುರುತಿಸಿ ಎರಡು ದಿನಗಳಲ್ಲಿ ನೂರಕ್ಕೂ ಹೆಚ್ಚು ಹಂಚುಗಳನ್ನು ಹಿಂದಕ್ಕೆ ಕಳುಹಿಸಿದರು. ಮಾರಿದವನಿಗೆ ನನ್ನ ಮೇಲೆ ಈಗಲೂ ಸಿಟ್ಟಿದೆ. ಮೇ ತಿಂಗಳಲ್ಲಿ ಅದೇ ಅಜ್ಜರೂ ಇನ್ನೊಬ್ಬರೂ ಸೇರಿ, ನೆನೆಹಾಕಿದ ತೆಂಗಿನ ಮಡಲುಗಳನ್ನು ಹೆಣೆದು, ಮಳೆಯ ಎರಚಲಿಗೆ ಅಡ್ಡವಾಗಿ ಕಟ್ಟುವ ತಟ್ಟಿಗಳನ್ನು ಮಾಡಿದರು. ಮಳೆಗಾಲ ಮುಗಿಯುವವರೆಗೆ ಜಗಲಿ ಒಣಗಿಯೇ ಇತ್ತು.

ನಡುವೆ ಮಾಡಿದ ಎರಡು ಪ್ರಯೋಗಗಳನ್ನು ಹೇಳಬೇಕು. ಜರ್ಮನಿಯ ಡುಸೆಲ್‌ಡಾರ್ಫಿನ ಒಂದು ವೃದ್ಧಾಶ್ರಮದ ಎದುರು ಬಸ್ಸು ಬಾರದ ನಿಲ್ದಾಣವೊಂದನ್ನು ಇಟ್ಟಿದ್ದಾರೆ. ಮನೆಗೆ ಹೋಗಬೇಕೆಂದು ಹೊರಟವರು ಅಲ್ಲಿ ಕುಳಿತು ಸಮಾಧಾನಗೊಳ್ಳುತ್ತಾರೆ. ನಾನೂ ಅಂಗಳದ ಮೂಲೆಯಲ್ಲಿ ಬೆಂಚು ಹಾಕಿಸಿ ‘ಕುಂದಾಪುರ – ಉಡುಪಿ – ಮಂಗಳೂರು’ ಎಂದು ಫಲಕ ಬರೆಸಿದೆ. ಆದರೆ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಓಡುವ ಈ ದಾರಿಯಲ್ಲಿ ಜೀವನ ಕಳೆದವರಿಗೆ ಕಾಲು ಗಂಟೆಯಾದರೂ ಬಸ್ಸು ಬಾರದಿದ್ದರೆ ಗಾಬರಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. “ಇವತ್ತು ಬಂದ್ ಉಂಟಾ?” ಎಂದು ಕೇಳಿದವರಿಗೆ ಸುಳ್ಳು ಹೇಳಲು ನನಗೂ ಮನಸ್ಸಾಗಲಿಲ್ಲ. ಒಂದೇ ವಾರಕ್ಕೆ ಫಲಕ ತೆಗೆಸಿದೆ. ಮಳೆಗಾಲದ ಆಟಿ ತಿಂಗಳಲ್ಲಿ, ಗುಳಿಗಳಿಗೆ ಕಾಯಿ ಹಂಚುತ್ತ ಆಡುವ ಚೆನ್ನೆಮಣೆ ಇಟ್ಟದ್ದು ಮಾತ್ರ ಗೆದ್ದಿತು. ಏಳೇಳರ ಎರಡು ಸಾಲು, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಕಾಯಿಯಾಗಿ ಇಟ್ಟಿದ್ದ ಸಣ್ಣ ಮಂಜೊಟ್ಟಿ ಬೀಜವನ್ನು ಒಬ್ಬರು ಬಾಯಿಗೆ ಹಾಕಿಕೊಂಡ ದಿನ ನನ್ನ ಎದೆ ನಿಂತಂತಾಯಿತು. ಈಗ ದಪ್ಪನೆಯ ಗಜ್ಜುಗದ ಕಾಯಿಯನ್ನು ಬಳಸುತ್ತೇವೆ, ಆಟ ಮುಗಿದ ಮೇಲೆ ಐವತ್ತಾರನ್ನೂ ಎಣಿಸಿಯೇ ಡಬ್ಬಿ ಮುಚ್ಚುತ್ತೇವೆ.

ಹೂವು ಕಟ್ಟಿದ್ದಕ್ಕೆ ಸಿಗುವ ಕೂಲಿಯ ಹಣದ ವಿಚಾರದಲ್ಲಿ ಜಗಳವಾಗದೆ ಇರಲಿಲ್ಲ. ಗಲ್ಫಿನಲ್ಲಿರುವ ಮಗನೊಬ್ಬರು ಫೋನ್ ಮಾಡಿ, “ನಾವು ತಿಂಗಳು ತಿಂಗಳು ದುಡ್ಡು ಕಟ್ಟುವುದು ಅಮ್ಮನನ್ನು ಕೂಲಿಗೆ ಹಚ್ಚಲಿಕ್ಕಾ?” ಎಂದು ಕೇಳಿದರು. ನಾನು ಉತ್ತರಿಸಲಿಲ್ಲ. ಅವರು ರಜೆಯಲ್ಲಿ ಬಂದಾಗ ಆ ಅಮ್ಮ ಸೊಂಟದ ಚೀಲದಿಂದ ನೂರರ ನೋಟೊಂದನ್ನು ತೆಗೆದು ಮೊಮ್ಮಗನ ಕೈಗಿತ್ತು, ಬಸ್ ಸ್ಟ್ಯಾಂಡಿನಲ್ಲಿ ಐಸ್‌ಕ್ರೀಮ್ ತಿನ್ನು ಎಂದರು. ಮಗ ಅಂದಿನಿಂದ ಆ ಮಾತೆತ್ತಿಲ್ಲ. ಮೊದಲು ಗಂಟಿನ ಲೆಕ್ಕದಲ್ಲಿ ಹಂಚುತ್ತಿದ್ದೆವು, ಅದರಿಂದ ಮುನಿಸು ಬೆಳೆಯಿತು. ಈಗ ಕುಳಿತವರಿಗೆಲ್ಲ ಸಮಪಾಲು, ಬರೇ ಮಾತಾಡುತ್ತ ಕುಳಿತವರಿಗೂ. ತಿಂಗಳಿಗೆ ತಲೆಗೆ ಇನ್ನೂರು ಮುನ್ನೂರು ರೂಪಾಯಿಗಿಂತ ಹೆಚ್ಚು ಬೀಳುವುದಿಲ್ಲ. ಕೆಲಸಕ್ಕೆ ಬರುವುದು ಬಿಡುವುದು ಅವರವರ ಇಷ್ಟ; ಬೇಡವೆಂದವರನ್ನು ಎರಡನೆಯ ಸಲ ಕರೆಯುವುದಿಲ್ಲ.

ಫಲಿತಾಂಶವೆಂದರೆ, ತಿಂಡಿಯಿಂದ ಊಟದವರೆಗೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದವರು ಈಗ ಎಚ್ಚರವಾಗಿರುತ್ತಾರೆ, ಅದರಿಂದ ರಾತ್ರಿ ನಿದ್ರೆ ಬರುತ್ತದೆ. ಸಂಜೆ ಐದಕ್ಕೆ ಗೇಟಿನ ಬಳಿ ಮನೆಗೆ ಬಿಡಿ ಎಂದು ನಿಲ್ಲುತ್ತಿದ್ದವರು ಆರೇಳು ಮಂದಿ, ಈಗ ಒಬ್ಬರೋ ಇಬ್ಬರೋ. ನಿದ್ರೆಯ ಮಾತ್ರೆ ನುಂಗುತ್ತಿದ್ದ ಏಳು ಮಂದಿಯಲ್ಲಿ ನಾಲ್ವರಿಗೆ ಡಾಕ್ಟರರು ಪ್ರಮಾಣ ಇಳಿಸಿದ್ದಾರೆ. ಇಬ್ಬರಲ್ಲಿ ಯಾವ ಬದಲಾವಣೆಯೂ ಆಗಿಲ್ಲ, ಅವರಿಗೆ ಏನು ಹಿಡಿಸೀತೆಂದು ಇನ್ನೂ ಹುಡುಕುತ್ತಿದ್ದೇನೆ.

ನೋಡಬೇಕೆನ್ನುವವರು ಬೆಳಗ್ಗೆ ಎಂಟೂವರೆಯಿಂದ ಹನ್ನೊಂದರೊಳಗೆ ಬರಬಹುದು. ಬಂದವರು ಸುಮ್ಮನೆ ನಿಂತರೆ ಮಾಷ್ಟ್ರಿಗೆ ಹಿಡಿಸುವುದಿಲ್ಲ, ಒಂದು ಗುಪ್ಪೆಯನ್ನು ಎಣಿಸಲು ಕೊಡುತ್ತಾರೆ, ಬೀಡಿ ಅಜ್ಜಿ ಅದನ್ನು ಇನ್ನೊಮ್ಮೆ ಎಣಿಸುತ್ತಾರೆ.