ಮೆಟ್ಟಿಲ ಕೆಳಗಿನ ಸ್ಟೋರ್ ರೂಮಲ್ಲಿ ಚಿಪ್ಪು ಅಣಬೆ: ಕಮ್ಮಿ ಖರ್ಚಲ್ಲಿ ಮೊದಲನೇ ಸಲ ಬೆಳೆಯೋರಿಗೆ

ಮನೆ ಒಳಗೆ ಏನಾದ್ರೂ ಬೆಳೀಬೇಕು ಅಂತ ಆಸೆ ಇದೆ, ಆದ್ರೆ ಬಿಸಿಲು ಬೀಳೋ ಬಾಲ್ಕನಿ ಇಲ್ಲ, ಲೈಟು ಫ್ಯಾನು ಟೆಂಟು ಅಂತ ಸಾವಿರಗಟ್ಲೆ ಹಾಕೋಕೂ ಆಗಲ್ಲ ಅನ್ನೋರು ಚಿಪ್ಪು ಅಣಬೆ, ಅಂದ್ರೆ ಆಯ್ಸ್ಟರ್ ಮಶ್ರೂಮ್, ಅದರಿಂದ ಶುರು ಮಾಡಿ. ಇದಕ್ಕೆ ಬಿಸಿಲೇ ಬೇಡ, ಮಣ್ಣೂ ಬೇಡ, ಗೊಬ್ಬರಾನೂ ಬೇಡ. ಭತ್ತದ ಹುಲ್ಲು, ಅಣಬೆ ಬೀಜ, ಒಂದು ದೊಡ್ಡ ಪಾತ್ರೆ, ಪ್ಲಾಸ್ಟಿಕ್ ಕವರು, ಇಷ್ಟಿದ್ರೆ ಸಾಕು. ನಾನು ಮೈಸೂರಲ್ಲಿ ಬಾಡಿಗೆ ಮನೇಲಿ ಮೆಟ್ಟಿಲ ಕೆಳಗೆ ಇರೋ 6 ಅಡಿ ಉದ್ದ 4 ಅಡಿ ಅಗಲದ ಸ್ಟೋರ್ ರೂಮಲ್ಲಿ ಮಾಡ್ತಿದೀನಿ, ಹುಲ್ಲು ಮಾತ್ರ ಪಾಂಡವಪುರದ ಕಡೆ ನಮ್ಮೂರಿಂದ ಬರತ್ತೆ. ಮೊದಲನೇ ಸಲಕ್ಕೆ 4 ಬ್ಯಾಗಿಗೆ ಎಲ್ಲಾ ಸೇರಿ ನನಗೆ 600 ರೂಪಾಯಿ ಆಸುಪಾಸು ಆಯ್ತು, ಅದರಲ್ಲಿ ಅರ್ಧ ದುಡ್ಡು ಥರ್ಮಾಮೀಟರಿಗೂ ಸ್ಪ್ರೇ ಬಾಟಲಿಗೂ ಹೋಯ್ತು, ಅವೆರಡನ್ನ ಮತ್ತೆ ಕೊಳ್ಳಬೇಕಾಗಿಲ್ಲ.

ಆ ಮೊದಲನೇ 4 ಬ್ಯಾಗಲ್ಲಿ ಒಂದೂ ಬರಲಿಲ್ಲ. ನಾಲ್ಕೂ ಹಸಿರು ಬೂಷ್ಟು ಹಿಡಿದು ಹೋದ್ವು. ಯಾಕೆ ಅಂತ ಕೊನೆಗೆ ಗೊತ್ತಾಯ್ತು, ಮಳೇಲಿ ನೆಂದಿದ್ದ ಹಳೇ ಮೆದೆ ಹುಲ್ಲು ತಂದಿದ್ದೆ, ಬೇಯಿಸಿದ ಮೇಲೆ ಸರಿಯಾಗಿ ನೀರು ಬಸಿಯೋಕೆ ಬಿಡದೆ ಅವಸರಕ್ಕೆ ತುಂಬಿಬಿಟ್ಟಿದ್ದೆ. ಅದಕ್ಕೇ ಈ ಕೆಲಸದಲ್ಲಿ ಮುಕ್ಕಾಲು ಪಾಲು ಹುಲ್ಲಿನ ಮೇಲೇ ನಿಂತಿದೆ ಅಂತ ಮೊದಲೇ ಹೇಳ್ತೀನಿ, ಬೀಜ ರೂಮು ಟೆಂಪರೇಚರ್ ಎಲ್ಲಾ ಆಮೇಲೆ.

ಹುಲ್ಲು ಆ ವರ್ಷದ್ದೇ ಆಗಿರಬೇಕು, ಚಿನ್ನದ ಬಣ್ಣ ಇರಬೇಕು, ಕೈಯಲ್ಲಿ ಹಿಡಿದ್ರೆ ಗಟ್ಟಿ ಇರಬೇಕು, ಮೂಸಿ ನೋಡಿದ್ರೆ ಕಣದ ವಾಸನೆ ಬರಬೇಕೇ ಹೊರತು ಮುಗ್ಗಲು ವಾಸನೆ ಅಲ್ಲ. ಕಪ್ಪು ಚುಕ್ಕೆ ಬಿದ್ದಿರೋದು, ಬೂದು ಬಣ್ಣಕ್ಕೆ ತಿರುಗಿರೋದು ಬೇಡ, ಅದರಲ್ಲಿ ಆಗಲೇ ಬೇರೆ ಬೂಷ್ಟು ಮನೆ ಮಾಡಿರತ್ತೆ. ಮಂಡ್ಯ ಕಡೆ ನಾಲೆ ನೀರಿನ ಭತ್ತ ಡಿಸೆಂಬರು ಜನವರೀಲಿ ಕೊಯ್ಲಾಗತ್ತಲ್ಲ, ಆವಾಗ್ಲೇ ಒಂದೆರಡು ಹೊರೆ ತಂದು ಒಣಗಿದ ಜಾಗದಲ್ಲಿ ಇಟ್ಕೊಂಡ್ರೆ ವರ್ಷವಿಡೀ ಆಗತ್ತೆ. ಮೆಷಿನ್ನಲ್ಲಿ ಕೊಯ್ದ ಹುಲ್ಲಿಗಿಂತ ಕೈಯಲ್ಲಿ ಕೊಯ್ದು ಬಡಿದಿರೋ ಹುಲ್ಲು ನನಗೆ ಇಷ್ಟ, ಉದ್ದಕ್ಕೆ ನೀಟಾಗಿ ಇರತ್ತೆ ಕತ್ತರಿಸೋಕೆ ಸುಲಭ, ಆದ್ರೆ ಈಗ ಅದು ಸಿಗೋದೇ ಕಷ್ಟ, ಮೆಷಿನ್ ಹುಲ್ಲು ಒಣಗಿದ್ರೆ ಅದೂ ನಡೆಯತ್ತೆ. ಊರಿನ ನಂಟು ಇಲ್ದೋರು ಮೈಸೂರು ಸುತ್ತಮುತ್ತ ಹಸು ಸಾಕಿರೋ ಯಾರನ್ನ ಕೇಳಿದ್ರೂ ಒಂದು ಕಂತೆ ಕೊಡ್ತಾರೆ.

ಇನ್ನು ಬೀಜ. ಅಣಬೆ ಬೀಜ ಅಂದ್ರೆ ನಿಜವಾದ ಬೀಜ ಅಲ್ಲ, ಬೇಯಿಸಿದ ಜೋಳ ಅಥವಾ ಗೋಧಿ ಕಾಳಿನ ಮೇಲೆ ಅಣಬೆಯ ಬಿಳೀ ಎಳೆ ಹಬ್ಬಿಸಿರ್ತಾರೆ, ಸ್ಪಾನ್ ಅಂತಾರೆ. ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆಗೇ ಒಂದು ಲ್ಯಾಬ್ ಇದೆ, ಅಲ್ಲಿ ಬೀಜ ಕೊಡ್ತಾರೆ, ಹೋಗೋ ಮುಂಚೆ ಫೋನ್ ಮಾಡಿ ಸ್ಟಾಕ್ ಇದ್ಯಾ ಕೇಳಿಕೊಂಡು ಹೋಗಿ. ಪ್ರೈವೇಟಾಗಿ ಮಾಡೋರೂ ಇದ್ದಾರೆ, ನನಗೆ ಕೆಜಿಗೆ 120 ರೂಪಾಯಿ ಬಿತ್ತು. ಪ್ಯಾಕೆಟ್ ಕೈಗೆ ಬಂದ ತಕ್ಷಣ ಬೆಳಕಲ್ಲಿ ಹಿಡಿದು ನೋಡಿ, ಪೂರ್ತಿ ಬಿಳೀ ಇರಬೇಕು, ಕಾಳು ಒಂದಕ್ಕೊಂದು ಅಂಟಿಕೊಂಡಿರಬೇಕು, ಎಲ್ಲಾದ್ರೂ ಹಸಿರು ಕಪ್ಪು ಚುಕ್ಕೆ ಇದ್ರೆ ಅಥವಾ ಹುಳಿ ವಾಸನೆ ಬಂದ್ರೆ ವಾಪಸ್ ಕೊಟ್ಬಿಡಿ, ಸ್ವಲ್ಪ ತಾನೇ ಅಂತ ಸುಮ್ನಾಗಬೇಡಿ. ಒಂದು ತಿಂಗಳ ಒಳಗೆ ಬಳಸಿಬಿಡೋದು ಒಳ್ಳೇದು.

ಯಾವ ಜಾತಿ ಅಂತ ಕೇಳ್ತೀರ. ಬಿಳೀದು ಫ್ಲೋರಿಡಾ ಅಂತ, ಮೈಸೂರಲ್ಲಿ ನವೆಂಬರಿಂದ ಫೆಬ್ರವರಿವರೆಗೆ ಚೆನ್ನಾಗಿ ಬರತ್ತೆ, ಅದಕ್ಕೆ ತಂಪು ಬೇಕು, 25 ಡಿಗ್ರಿ ಒಳಗಿದ್ರೆ ಖುಷಿಯಾಗಿರತ್ತೆ. ಬೂದು ಬಣ್ಣದ್ದು ಸಾಜೋರ್ ಕಾಜು ಅಂತ, 20ರಿಂದ 30 ಡಿಗ್ರಿ ತಡ್ಕೊಳತ್ತೆ, ಮೊದಲನೇ ಸಲದವರಿಗೆ ನಾನು ಇದನ್ನೇ ಹೇಳೋದು. ಗುಲಾಬಿ ಬಣ್ಣದ್ದು ಸೆಖೆಗೆ ಇನ್ನೂ ಗಟ್ಟಿ, ನೋಡೋಕೂ ಚಂದ, ಬೇಯಿಸಿದ್ರೆ ಮಾತ್ರ ಆ ಬಣ್ಣ ಉಳಿಯಲ್ಲ. ಒಂದು ವಿಷಯ, ಮಿಕ್ಕ ಜಾತಿ ಬೀಜಾನ ಫ್ರಿಜ್ಜಲ್ಲಿ ಇಡಬಹುದು, ಗುಲಾಬೀದನ್ನ ಮಾತ್ರ ಇಡಬೇಡಿ, ಅದು ಥಂಡಿಗೆ ಸತ್ತೋಗತ್ತೆ.

ನಮ್ಮ ಕಡೆ ಮೊದಲ ಮಳೆಗೆ ಹುತ್ತದ ಪಕ್ಕ ಏಳ್ತಾವಲ್ಲ ಹುತ್ತದ ಅಣಬೆ, ಅದನ್ನ ಮನೇಲಿ ಬೆಳೆಯೋಕಾಗಲ್ವಾ ಅಂತ ನಮ್ಮಮ್ಮನೂ ಕೇಳಿದ್ರು. ಆಗಲ್ಲ, ಅದು ಗೆದ್ದಲು ಹುಳದ ಜೊತೇಲೇ ಬದುಕೋ ಜಾತಿ, ಗೆದ್ದಲು ಗೂಡಿನ ಒಳಗೆ ಅದನ್ನ ಸಾಕತ್ತೆ. ಆಮೇಲೆ ಹೊಲದಲ್ಲಿ ತೋಟದಲ್ಲಿ ಸಿಗೋ ಗೊತ್ತಿಲ್ಲದ ಅಣಬೆ ಕಿತ್ಕೊಂಡು ಬಂದು ತಿನ್ನೋದು ದಯವಿಟ್ಟು ಬೇಡ, ವಿಷದ್ದು ಬೇಯಿಸಿದ್ರೂ ವಿಷಾನೇ.

ಸರಿ, ಕೆಲಸಕ್ಕೆ ಬರೋಣ. 1 ಕೆಜಿ ಒಣ ಹುಲ್ಲಿಗೆ 100 ಗ್ರಾಂ ಬೀಜ, ಇದು ಲೆಕ್ಕ. ಹುಲ್ಲನ್ನ ಎರಡು ಮೂರು ಇಂಚಿಗೆ ಕತ್ತರಿಸಿ, ಮಚ್ಚಲ್ಲಿ ಮರದ ತುಂಡಿನ ಮೇಲಿಟ್ಟು ಕೊಚ್ಚಿದ್ರೂ ಆಯ್ತು. ಒಂದು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ರಾತ್ರಿಯೆಲ್ಲಾ ತಣ್ಣೀರಲ್ಲಿ ಮುಳುಗಿಸಿಡಿ, ಮೇಲೆ ಕಲ್ಲು ಹೇರಿ ಇಲ್ದಿದ್ರೆ ತೇಲತ್ತೆ. ಬೆಳಗ್ಗೆ ಆ ಕಂದು ನೀರು ಚೆಲ್ಲಿ, ಒಂದು ಸಲ ತೊಳೆದು, ಚೀಲದ ಸಮೇತ ಬಿಸಿನೀರಿಗೆ ಹಾಕಬೇಕು. ನೀರು 80 ಡಿಗ್ರಿ ಹತ್ರ ಇರಬೇಕು, ಒಂದು ಗಂಟೆ ಹಂಗೇ ಇರಬೇಕು, 70ಕ್ಕಿಂತ ಕೆಳಗೆ ಇಳಿಯೋಕೆ ಬಿಡಬೇಡಿ. ಕೊತ ಕೊತ ಕುದಿಸೋದು ಬೇಡ ಯಾಕಂದ್ರೆ ನಮಗೆ ಬೇಕಿರೋದು ಬೂಷ್ಟಿನ ಕಣ ಸಾಯೋದು, ಹುಲ್ಲಲ್ಲಿ ಶಾಖ ತಡೆಯೋ ಕೆಲವು ಒಳ್ಳೇ ಬ್ಯಾಕ್ಟೀರಿಯಾ ಇರ್ತಾವೆ, ಅವು ಉಳ್ಕೊಂಡ್ರೆ ಆಮೇಲೆ ಬೂಷ್ಟಿಗೆ ಜಾಗ ಬಿಡಲ್ಲ. ಊರಲ್ಲಿ ಬಚ್ಚಲು ಹಂಡೆ ಇರೋರಿಗೆ ಇದು ಪುಕ್ಕಟೆ ಕೆಲಸ, ತೆಂಗಿನ ಸೋಗೆ ಮಟ್ಟೆ ಉರಿಗೇ ಆಗೋಗತ್ತೆ. ನಾನು ಮೊದಲನೇ ಸಲ ಊರಲ್ಲೇ ಹಂಡೇಲಿ ಬೇಯಿಸಿದಾಗ ಅಮ್ಮ ಬಂದು ನಿಂತ್ಕೊಂಡು, ಏನ್ಲಾ ಮಗ, ದನಕ್ಕೂ ಯಾರೂ ಬೇಯ್ಸಿ ಹಾಕಿಲ್ವಲ್ಲ ಹುಲ್ಲ, ಅಂದ್ರು, ಈಗ ಅವರೇ ಫೋನ್ ಮಾಡಿ ಮುಂದಿನ ಸಲಕ್ಕೆ ಎಷ್ಟು ಹೊರೆ ಎತ್ತಿಡಲಿ ಅಂತ ಕೇಳ್ತಾರೆ. ಮೈಸೂರಲ್ಲಿ ನಾನು ಗ್ಯಾಸ್ ಮೇಲೆ ದೊಡ್ಡ ಪಾತ್ರೇಲಿ ಎರಡು ಕಂತಲ್ಲಿ ಮಾಡ್ತೀನಿ, ಗ್ಯಾಸ್ ಖರ್ಚು ಆಗತ್ತೆ, ಅದು ನಿಜ.

ಅಣಬೆ ಬೆಳೆಯೋ ಟ್ರೇನಿಂಗಲ್ಲಿ ಹಾಳೆ ಕೊಡ್ತಾರಲ್ಲ, ಅದರಲ್ಲಿ ಫಾರ್ಮಲಿನ್ನು ಕಾರ್ಬೆಂಡಜಿಮ್ಮು ಅನ್ನೋ ಬೂಷ್ಟು ಸಾಯಿಸೋ ಕೆಮಿಕಲ್ ಬೆರೆಸಿದ ನೀರಲ್ಲಿ ಹುಲ್ಲು ನೆನೆಸೋ ವಿಧಾನಾನೂ ಇರತ್ತೆ. ದೊಡ್ಡ ಶೆಡ್ ಇರೋರು ಮಾಡ್ತಾರೆ. ಮಕ್ಕಳು ಮರಿ ಓಡಾಡೋ ಮನೇಲಿ ಫಾರ್ಮಲಿನ್ ಬಾಟಲಿ ತಂದಿಡೋದು ನನಗೆ ಸುತರಾಂ ಒಪ್ಪಿಗೆ ಇಲ್ಲ, ಅದರ ಹೊಗೆ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು, ಬಿಸಿನೀರಲ್ಲೇ ಆಗೋ ಕೆಲಸಕ್ಕೆ ಅದು ಬೇಕಾಗಿಲ್ಲ.

ಈಗ ನಾನು ಎಡವಿದ ಜಾಗ. ಬಿಸಿನೀರಿಂದ ತೆಗೆದ ಚೀಲಾನ ನೇತುಹಾಕಿ ನೀರು ಸೋರೋಕೆ ಬಿಡಿ, ಆಮೇಲೆ ಡೆಟಾಲ್ ನೀರಲ್ಲಿ ಒರೆಸಿದ ಪ್ಲಾಸ್ಟಿಕ್ ಶೀಟಿನ ಮೇಲೆ, ನೆರಳಲ್ಲಿ, ತೆಳ್ಳಗೆ ಹರಡಿ. ಫ್ಯಾನ್ ಹಾಕಬೇಡಿ ಧೂಳು ಕೂರತ್ತೆ. ಒಂದು ಗಂಟೆಗೊಂದು ಸಲ ಕೈ ತೊಳ್ಕೊಂಡು ಒಂದು ಹಿಡಿ ಹುಲ್ಲು ಎತ್ತಿ ಗಟ್ಟಿಯಾಗಿ ಹಿಂಡಿ ನೋಡಿ. ಬೆರಳ ಸಂದೀಲಿ ನೀರು ಹನಿ ಹನಿ ಬಿದ್ರೆ ಇನ್ನೂ ಆಗಿಲ್ಲ. ಹನಿ ಬೀಳಬಾರದು ಆದ್ರೆ ಅಂಗೈ ಪಸೆ ಪಸೆ ಆಗಿರಬೇಕು, ಅದೇ ಹದ, ಅಳತೇಲಿ ಹೇಳೋದಾದ್ರೆ ನೂರಕ್ಕೆ 60ರಿಂದ 65 ಭಾಗ ನೀರು, ಅಂದ್ರೆ ಒಣಗಿದ್ದಾಗ 1 ಕೆಜಿ ಇದ್ದಿದ್ದು ಈಗ ಸುಮಾರು ಎರಡೂವರೆ ಕೆಜಿ ತೂಗತ್ತೆ. ತಕ್ಕಡಿ ಇದ್ರೆ ತೂಗಿ ನೋಡಿ, ಅನುಮಾನಾನೇ ಉಳಿಯಲ್ಲ. ನೀರು ಜಾಸ್ತಿ ಆದ್ರೆ ಬ್ಯಾಗಿನ ತಳದಲ್ಲಿ ನಿಂತು ಕೊಳೆತು ನಾರತ್ತೆ, ಗಾಳಿ ಆಡಲ್ಲ, ಎಳೆ ಹಬ್ಬಲ್ಲ. ಕಮ್ಮಿ ಆದ್ರೆ ಎಳೆ ಹಬ್ಬತ್ತೆ ಆದ್ರೆ ಅಣಬೆ ಬರೋ ಹೊತ್ತಿಗೆ ದಮ್ಮೇ ಇರಲ್ಲ. ನನ್ನ ಎರಡನೇ ಸಲ ಬರೀ ಈ ಹದ ಒಂದನ್ನ ಸರಿ ಮಾಡ್ಕೊಂಡೆ, ಮಿಕ್ಕಿದ್ದೆಲ್ಲಾ ಮೊದಲಿನ ಹಂಗೇ, 4ಕ್ಕೆ 3 ಬ್ಯಾಗು ಬಂತು.

ಹುಲ್ಲು ಪೂರ್ತಿ ತಣ್ಣಗಾದ ಮೇಲೇ ಬೀಜ ಹಾಕಬೇಕು, ಬೆಚ್ಚಗಿದ್ರೂ ಬೀಜ ಬೆಂದೋಗತ್ತೆ. 12 ಇಂಚು ಅಗಲ 18 ಇಂಚು ಉದ್ದದ ಪಾಲಿಪ್ರೊಪಿಲೀನ್ ಕವರ್ ತಗೊಳ್ಳಿ, ದೇವರಾಜ ಮಾರ್ಕೆಟ್ ಸುತ್ತ ಪ್ಲಾಸ್ಟಿಕ್ ಅಂಗಡೀಲಿ ವಿಚಾರಿಸಿ. ತಳದಲ್ಲಿ ಒಂದು ಎರಡು ಇಂಚು ಹುಲ್ಲು ಒತ್ತಿ, ಅಂಚಿನ ಸುತ್ತ ಬೀಜ ಉದುರಿಸಿ, ಮತ್ತೆ ಹುಲ್ಲು, ಮತ್ತೆ ಬೀಜ, ಹೂವಿನ ದಂಡೆ ಕಟ್ದಂಗೆ ಅಂಚಿಗೇ ಜಾಸ್ತಿ ಬರಲಿ, ಹಿಂಗೆ ನಾಲ್ಕು ಪದರ. ಪ್ರತಿ ಪದರಾನೂ ಗಟ್ಟಿಯಾಗಿ ಒತ್ತಬೇಕು, ಸಡಿಲ ಇದ್ರೆ ಮಧ್ಯೆ ಪೊಳ್ಳಾಗಿ ಎಳೆ ದಾಟೋಕೆ ಕಷ್ಟ. ಬಾಯಿ ಬಿಗಿಯಾಗಿ ಕಟ್ಟಿ, ಬೆಂಕೀಲಿ ಕಾಯಿಸಿದ ದಬ್ಬಳದಲ್ಲಿ ಸುತ್ತ 12-15 ತೂತು ಹಾಕಿ. ಇಷ್ಟೂ ಕೆಲಸ ಮಾಡೋವಾಗ ಕಿಟಕಿ ಬಾಗಿಲು ಹಾಕಿರಿ, ಕೈಗೆ ಸ್ಯಾನಿಟೈಸರ್ ಹಚ್ಕೊಳ್ಳಿ.

ಆಮೇಲೆ 15ರಿಂದ 20 ದಿನ ಕತ್ತಲೆ ಜಾಗದಲ್ಲಿ ಇಟ್ಟು ಮರೆತುಬಿಡಿ. ನೀರು ಹಾಕೋ ಹಂಗಿಲ್ಲ, ದಿನಾ ಮುಟ್ಟಿ ನೋಡೋ ಹಂಗಿಲ್ಲ. ಬೀಜದ ಸುತ್ತ ಹತ್ತಿ ಹಿಂಜಿದಂಗೆ ಬಿಳೀ ಎಳೆ ಹೊರಡತ್ತೆ, ಆಮೇಲೆ ಇಡೀ ಬ್ಯಾಗು ಬಿಳೀ ಆಗಿ ಇಟ್ಟಿಗೆ ಥರ ಗಟ್ಟಿ ಆಗತ್ತೆ. ನಡುವೆ ಎಲ್ಲಾದ್ರೂ ಹಸಿರು ಕಂಡ್ರೆ ಆ ಬ್ಯಾಗನ್ನ ಬಿಚ್ಚದೇನೇ ಆಚೆ ಸಾಗಿಸಿ, ಒಳಗೆ ಬಿಚ್ಚಿದ್ರೆ ಪುಡಿ ಹಾರಿ ಮಿಕ್ಕಿದ್ದಕ್ಕೂ ಹತ್ತತ್ತೆ.

ಪೂರ್ತಿ ಬಿಳೀ ಆದ ಮೇಲೆ ಬ್ಲೇಡಲ್ಲಿ ಕವರಿಗೆ ಅಲ್ಲಲ್ಲಿ ಉದ್ದಕ್ಕೆ ಸೀಳಿ, ಇಲ್ಲಾಂದ್ರೆ ಕವರೇ ತೆಗೆದು ಹಗ್ಗದಲ್ಲಿ ನೇತುಹಾಕಿ. ನಾನು ಸೀಳೋದೇ, ಮೈಸೂರಲ್ಲಿ ಫೆಬ್ರವರಿ ಮಾರ್ಚಲ್ಲಿ ಗಾಳಿ ತುಂಬಾ ಒಣ, ಕವರ್ ಇದ್ರೆ ಪಸೆ ಉಳಿಯತ್ತೆ. ಈ ಹಂತದಲ್ಲಿ ಮೂರು ಬದಲಾವಣೆ ಬೇಕು. ಬೆಳಕು, ಪೇಪರ್ ಓದೋಕೆ ಆಗೋವಷ್ಟು ಮಂದ ಬೆಳಕು ದಿನಕ್ಕೆ ಕೆಲವು ಗಂಟೆ ಸಾಕು, ಗಿಡದ ಥರ ಊಟಕ್ಕಲ್ಲ ಬೆಳಕು ಇದಕ್ಕೆ, ಮೊಳಕೆ ಒಡೆಯೋಕೆ ಒಂದು ಸೂಚನೆ ಅಷ್ಟೇ. ತೇವ, ಗಾಳೀಲಿ ನೂರಕ್ಕೆ 80ರ ಮೇಲೆ ಇರಬೇಕು, ಅದಕ್ಕೆ ಮಿಷಿನ್ ಬೇಡ, ಗೋಡೆ ಸುತ್ತ ಗೋಣಿತಾಟು ಇಳಿಬಿಟ್ಟು ದಿನಕ್ಕೆ ಎರಡು ಮೂರು ಸಲ ನೆನೆಸಿ, ನೆಲಕ್ಕೆ ನೀರು ಚಿಮುಕಿಸಿ, ಬ್ಯಾಗಿಗೆ ಮಂಜಿನ ಥರ ಸ್ಪ್ರೇ ಮಾಡಿ, ನೀರು ಸುರೀಬೇಡಿ. ಮೂರನೇದು ಗಾಳಿ, ಇದನ್ನ ಎಲ್ಲರೂ ಮರೀತಾರೆ. ತೇವ ಹೋಗ್ಬಿಡತ್ತೆ ಅಂತ ಬಾಗಿಲು ಮುಚ್ಚೇ ಇಟ್ರೆ ಅಣಬೆ ಉಸಿರಾಡಿ ಬಿಟ್ಟ ಕಾರ್ಬನ್ ಡೈ ಆಕ್ಸೈಡ್ ಅಲ್ಲೇ ತುಂಬ್ಕೊಂಡು, ಕಾಲು ಉದ್ದ ಛತ್ರಿ ಸಣ್ಣ ಆಗಿ ಬರತ್ತೆ. ಕಾಲು ಉದ್ದ ಆದ್ರೆ ಗಾಳಿ ಸಾಲದು, ಅಂಚು ಹಳದಿಯಾಗಿ ಸೀಳು ಬಿಟ್ರೆ ತೇವ ಸಾಲದು, ಅಣಬೇನೇ ಹೇಳತ್ತೆ. ಬೆಳಗ್ಗೆ ಸಂಜೆ ಅರ್ಧ ಗಂಟೆ ಬಾಗಿಲು ತೆಗೆದಿಡಿ, ಸೊಳ್ಳೆ ಪರದೆ ಮಾತ್ರ ಹಾಕಿ, ಸಣ್ಣ ಕಪ್ಪು ನೊಣ ಒಳಗೆ ಬಂದು ಮೊಟ್ಟೆ ಇಟ್ರೆ ಮರಿಹುಳು ಎಳೇನೇ ತಿಂದುಹಾಕತ್ತೆ, ಮಳೆಗಾಲದಲ್ಲಿ ಇದರ ಕಾಟ ಜಾಸ್ತಿ.

ಸೀಳಿದ ನಾಲ್ಕೈದು ದಿನಕ್ಕೆ ಗುಂಡುಸೂಜಿ ತಲೆ ಥರ ಮೊಗ್ಗು ಏಳತ್ತೆ, ಇನ್ನೆರಡು ಮೂರು ದಿನಕ್ಕೆ ಕೀಳೋ ಹಾಗಾಗತ್ತೆ, ಬೆಳಗ್ಗೆಗೂ ಸಂಜೆಗೂ ಗಾತ್ರದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣತ್ತೆ, ಆ ಎರಡು ದಿನ ನಾನು ಆಫೀಸಿಂದ ಬಂದವನೇ ಮೊದಲು ಅಲ್ಲಿಗೇ ಹೋಗೋದು. ಅಂಚು ಇನ್ನೂ ಸ್ವಲ್ಪ ಕೆಳಗೆ ಬಾಗಿರೋವಾಗ್ಲೇ ಗೊಂಚಲು ಪೂರ್ತಿ ಹಿಡಿದು ತಿರುಚಿ ಕೀಳಿ, ಬುಡ ಉಳಿಸಬೇಡಿ ಅದು ಕೊಳೆಯತ್ತೆ. ಅಂಚು ಮೇಲಕ್ಕೆ ಮಗುಚೋವರೆಗೂ ಬಿಟ್ರೆ ಬಿಳೀ ಪುಡಿ ಉದುರೋಕೆ ಶುರು ಆಗತ್ತೆ, ಅದು ಕೆಲವರಿಗೆ ಕೆಮ್ಮು ಅಲರ್ಜಿ ತರತ್ತೆ, ಅದಕ್ಕೇ ಮಲಗೋ ಕೋಣೇಲಿ ಅಣಬೆ ಬ್ಯಾಗ್ ಇಡಲೇಬಾರದು, ಅಸ್ತಮಾ ಇರೋರ ಮನೇಲಂತೂ ಯೋಚನೆ ಮಾಡಿ, ಕೀಳೋವಾಗ ಮಾಸ್ಕ್ ಹಾಕ್ಕೊಳ್ಳಿ.

ಒಂದು ವಾರ ಹತ್ತು ದಿನ ಬಿಟ್ಟು ಎರಡನೇ ಬೆಳೆ, ಆಮೇಲೆ ಮೂರನೇದು. ನನಗೆ 1 ಕೆಜಿ ಒಣ ಹುಲ್ಲಿಗೆ ಮೂರೂ ಸೇರಿ 600 ಗ್ರಾಂ ಬಂತು, ಅರ್ಧಕ್ಕಿಂತ ಜಾಸ್ತಿ ಮೊದಲನೇ ಬೆಳೇಲೇ. ಬೀಜ ನಾವು ಕೊಡ್ತೀವಿ, ಅಣಬೆ ನಾವೇ ವಾಪಸ್ ಕೊಂಡ್ಕೋತೀವಿ, ಲಕ್ಷ ಹಾಕಿ ಅಂತ ಯಾರಾದ್ರೂ ಬಂದ್ರೆ ಮೊದಲು ಹಿಂಗೆ ನಾಲ್ಕು ಬ್ಯಾಗ್ ಮಾಡಿ ಆಮೇಲೆ ಮಾತಾಡಿ.

ಕಿತ್ತ ಅಣಬೆ ತೊಳೀದೆ ಪೇಪರಲ್ಲಿ ಸುತ್ತಿ ಫ್ರಿಜ್ಜಲ್ಲಿಟ್ರೆ ಮೂರು ನಾಲ್ಕು ದಿನ ಇರತ್ತೆ, ಜಾಸ್ತಿ ಬಂದ್ರೆ ಬಿಸಿಲಲ್ಲಿ ಗಲಗಲ ಅನ್ನೋವರೆಗೆ ಒಣಗಿಸಿ ಡಬ್ಬಕ್ಕೆ ಹಾಕಿ. ಹಸಿ ತಿನ್ನಬೇಡಿ, ಚೆನ್ನಾಗಿ ಬೇಯಿಸಿ. ನಮ್ಮನೇಲಿ ಹುರಿದ ಧನಿಯಾ ಕಾಯಿ ಮಸಾಲೆ ಹಾಕಿ ಸಾರು, ಮುದ್ದೆ ಜೊತೆ. ಬೆಳೆ ಮುಗಿದ ಬ್ಯಾಗಿನ ಹುಲ್ಲನ್ನ ಒಂದೆರಡು ತಿಂಗಳು ಮೂಲೇಲಿ ಕೊಳೆಸಿ ಕರಿಬೇವಿನ ಕುಂಡಕ್ಕೆ ಹಾಕಿ, ಹಸಿರು ಹಿಡಿದಿದ್ದ ಬ್ಯಾಗಿಂದು ಮಾತ್ರ ಮನೆಯಿಂದ ದೂರ ಗುಂಡಿ ತೋಡಿ ಮುಚ್ಚಿ, ಆಮೇಲೆ ರೂಮನ್ನ ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು ಎರಡು ದಿನ ಒಣಗೋಕೆ ಬಿಟ್ಟು ಮುಂದಿನ ಹುಲ್ಲು ನೆನೆಹಾಕಿ.