ಓಣಿಯ ನಾಯಿಗೆ ‘ಕೂತ್ಕೋ’ ಕಲಿಸುವ ಮುನ್ನ

ನಮ್ಮ ಬಡಾವಣೆಗಳಲ್ಲಿ ಮಕ್ಕಳಿಗೂ ಬೀದಿ ನಾಯಿಗಳಿಗೂ ಇರುವ ಒಡನಾಟ ಬಹುಮಟ್ಟಿಗೆ ಎರಡೇ ಬಗೆಯದು, ಒಂದೋ ಕಲ್ಲು ಬೀಸುವುದು, ಇಲ್ಲವೇ ಬಿಸ್ಕತ್ತು ಎಸೆಯುವುದು. ನಾಯಿಯನ್ನು ನಿಂತು ನೋಡುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಮಕ್ಕಳು ನಾಯಿಯನ್ನು ಗಮನಿಸಲು ಕಲಿತು, ಬಳಿಕ ಅದಕ್ಕೆ ‘ಕೂತ್ಕೋ’ ಎಂಬ ಪಾಠ ಕಲಿಸುವ, ಎಂಟು ವಾರಗಳ, ವಾರಕ್ಕೊಂದು ತರಗತಿಯ ತರಬೇತಿ ಶಿಬಿರವನ್ನು ನಿವಾಸಿಗಳ ಸಂಘವೊಂದು ಹೆಚ್ಚಿನ ಖರ್ಚಿಲ್ಲದೆ ನಡೆಸಬಹುದು.

ಮೊದಲ ಕೆಲಸ ನಾಯಿಗಳ ಆಯ್ಕೆ, ಇದರಲ್ಲಿ ಅವಸರ ಸಲ್ಲದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿ ನಾಯಿಗಳನ್ನು ‘ಸಮುದಾಯ ಪ್ರಾಣಿ’ಗಳೆಂದು ಗುರುತಿಸಿ, ಅವುಗಳಿಗೆ ಊಟ ಹಾಕುವ ಜಾಗವು ಮಕ್ಕಳ ಆಟದ ಸ್ಥಳದಿಂದ ದೂರವಿರಬೇಕೆಂದು ಹೇಳುತ್ತವೆ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ, ಆದರೆ ರೇಬೀಸ್ ಲಸಿಕೆಯ ಅವಧಿ ಮುಗಿದಿಲ್ಲವೆಂದು ಆ ಗುರುತು ಹೇಳುವುದಿಲ್ಲ, ಅದನ್ನು ಪಶುವೈದ್ಯರಿಂದಲೇ ಖಚಿತಪಡಿಸಿಕೊಳ್ಳಬೇಕು. ಮರಿ ಹಾಕಿದ ತಾಯಿಯನ್ನೂ ಹಿಂದೆ ಕಚ್ಚಿದ ನಾಯಿಯನ್ನೂ ಸೇರಿಸಲೇಬಾರದು. ನನ್ನ ದೃಷ್ಟಿಯಲ್ಲಿ, ದತ್ತು ಹೋಗಲು ಕಾದಿರುವ ಆಶ್ರಯಧಾಮದ ಎರಡು ಮೂರು ನಾಡತಳಿಯ ನಾಯಿಗಳೇ ಇದಕ್ಕೆ ಅತ್ಯಂತ ಸೂಕ್ತ. ಶಾಲೆಗಳ ಆವರಣದಿಂದ ಬೀದಿ ನಾಯಿಗಳನ್ನು ತೆರವುಗೊಳಿಸಲು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿರುವುದರಿಂದ ಶಾಲೆಯ ಮೈದಾನ ಬೇಡ, ಆಶ್ರಯಧಾಮದ ಅಂಗಳವೇ ಸಾಕು.

ಹನ್ನೆರಡು ವರ್ಷ ದಾಟಿದ ಮಕ್ಕಳನ್ನಷ್ಟೇ, ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ ಸೇರಿಸಿಕೊಂಡು, ನಾಲ್ವರಿಗೆ ಒಬ್ಬ ಹಿರಿಯರಂತೆ ಗುಂಪು ಮಾಡಬೇಕು. ನಾಯಿ ನಿರ್ವಹಣೆಯಲ್ಲಿ ನುರಿತ ತರಬೇತುದಾರರೊಬ್ಬರು ಪ್ರತಿ ತರಗತಿಯಲ್ಲೂ ಇರಲೇಬೇಕು. ಮೊದಲ ಎರಡು ವಾರ ಯಾರೂ ನಾಯಿಯನ್ನು ಮುಟ್ಟುವಂತಿಲ್ಲ. ಮಕ್ಕಳು ದೂರ ಕುಳಿತು ಬಾಲ, ಕಿವಿ, ಕಣ್ಣು, ಬಾಯಿಗಳನ್ನು ಗಮನಿಸಿ ಪುಸ್ತಕದಲ್ಲಿ ಬರೆಯಬೇಕು. ನಿದ್ದೆಯಿಲ್ಲದೆಯೂ ಆಕಳಿಸುವುದು, ಮೇಲಿಂದ ಮೇಲೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಇವೆಲ್ಲ ‘ನನಗೆ ಕಸಿವಿಸಿಯಾಗುತ್ತಿದೆ’ ಎಂದು ನಾಯಿ ಹೇಳುವ ರೀತಿಗಳು. ಗುರ್ ಎನ್ನುವುದಕ್ಕೆ ಬಹಳ ಮೊದಲೇ ಅದು ಇಷ್ಟನ್ನೂ ಹೇಳಿರುತ್ತದೆ. ಈ ಎರಡು ವಾರಗಳನ್ನು ಮೊಟಕುಗೊಳಿಸಿದರೆ ಉಳಿದ ಆರು ವಾರಗಳಿಗೆ ಬುಡವೇ ಇರುವುದಿಲ್ಲ.

ಮೂರನೆಯ ವಾರ ಕೈಗೆ ತಿನಿಸು ಬರುತ್ತದೆ. ಉಪ್ಪು, ಖಾರ, ಈರುಳ್ಳಿ ಸೋಕದ ಬೇಯಿಸಿದ ಕೋಳಿಮಾಂಸವನ್ನೋ ಮೊಟ್ಟೆಯನ್ನೋ ಕಡಲೆಕಾಳಿನಷ್ಟು ಚಿಕ್ಕದಾಗಿ ಕತ್ತರಿಸಿಟ್ಟುಕೊಳ್ಳಬೇಕು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ತುಣುಕನ್ನು ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ಹಣೆಯ ಮೇಲಿಂದ ಹಿಂದಕ್ಕೆ ಒಯ್ದರೆ, ಅದನ್ನು ಹಿಂಬಾಲಿಸಿ ತಲೆ ಮೇಲೇಳುತ್ತಿದ್ದಂತೆ ಹಿಂಭಾಗ ತಾನಾಗಿ ನೆಲಕ್ಕಿಳಿಯುತ್ತದೆ. ಸೊಂಟ ನೆಲಕ್ಕೆ ತಾಗಿದ ಆ ಕ್ಷಣದಲ್ಲೇ ‘ಹೌದು’ ಎಂದು ಹೇಳಿ ತಿನಿಸು ಕೊಡಬೇಕು. ಒಂದೆರಡು ಸೆಕೆಂಡು ತಡವಾದರೂ ನಾಯಿ ಅಷ್ಟರಲ್ಲಿ ಎದ್ದುಬಿಟ್ಟಿರುತ್ತದೆ, ಮೆಚ್ಚುಗೆ ಸಿಕ್ಕಿದ್ದು ಎದ್ದುದಕ್ಕೆ ಎಂದು ಕಲಿಯುತ್ತದೆ. ತಪ್ಪು ನಾಯಿಯದಲ್ಲ, ತನ್ನ ಸಮಯದ್ದು ಎಂದು ಹದಿಮೂರರ ಹುಡುಗನೊಬ್ಬ ತಾನೇ ಕಂಡುಕೊಂಡು, ಉಸಿರು ಬಿಗಿಹಿಡಿದು ಮತ್ತೆ ಪ್ರಯತ್ನಿಸುವುದನ್ನು ನೋಡಿದರೆ ಈ ಶಿಬಿರದಿಂದ ಮಕ್ಕಳಿಗೇನು ಲಾಭ ಎಂದು ಬೇರೆ ಕೇಳಬೇಕಾಗಿಲ್ಲ. ಅಭ್ಯಾಸ ಒಮ್ಮೆಗೆ ಐದು ನಿಮಿಷ ಮೀರಬಾರದು. ಸೊಂಟ ಒತ್ತಿ ಕೂರಿಸುವುದು, ಗದರುವುದು, ಹಗ್ಗ ಜಗ್ಗುವುದು ಯಾವ ಕಾರಣಕ್ಕೂ ಕೂಡದು.

ಮುಟ್ಟುವುದಕ್ಕೂ ನಾಯಿಯ ಒಪ್ಪಿಗೆ ಬೇಕು. ಪಕ್ಕಕ್ಕೆ ತಿರುಗಿ ಕುಳಿತು, ನಾಯಿಯೇ ಹತ್ತಿರ ಬಂದಾಗ ಎದೆಯ ಬಳಿ ಮೂರು ಸೆಕೆಂಡು ಸವರಿ, ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಅದು ಒರಗಿ ಬಂದರೆ ಮುಂದುವರಿಸಬಹುದು, ಸರಿದು ಹೋದರೆ ಅಂದಿನ ಪಾಠ ಅಲ್ಲಿಗೆ ಮುಗಿಯಿತು.

ಹಲ್ಲು ತಾಗಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಪೂರ್ತಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಗಾಯಕ್ಕೆ ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು. ಬೈಗುಳಕ್ಕೆ ಹೆದರಿ ಮಕ್ಕಳು ಗಾಯ ಮುಚ್ಚಿಡುವುದುಂಟು, ಆದ್ದರಿಂದ ಹೇಳಿದವರನ್ನು ಯಾರೂ ಬಯ್ಯುವುದಿಲ್ಲ ಎಂದು ಮೊದಲ ದಿನವೇ ಮಾತು ಕೊಡಿ.

ಕೊನೆಯ ವಾರ ಪ್ರತಿ ಗುಂಪೂ ತನ್ನ ನಾಯಿಯ ಬಗ್ಗೆ, ಅದನ್ನು ಮುಂದೆ ದತ್ತು ಪಡೆಯುವ ಮನೆಯವರಿಗಾಗಿ ಒಂದು ಪುಟ ಬರೆಯಬೇಕು. ಅದಕ್ಕೆ ಅರ್ಥವಾಗುವ ಮಾತುಗಳು, ಇಷ್ಟದ ತಿನಿಸು, ಪೊರಕೆ ಎತ್ತಿದರೆ ಅದು ಎಲ್ಲಿ ಹೋಗಿ ಅವಿತುಕೊಳ್ಳುತ್ತದೆ, ಆಗ ಅದನ್ನು ಹೇಗೆ ಕರೆದರೆ ಹೊರಗೆ ಬರುತ್ತದೆ ಎಂಬುದೆಲ್ಲ ಆ ಪುಟದಲ್ಲಿರಲಿ.